ನೇಪಾಳದ ಬಾಲಗೃಹಗಳಿಗೆ ಪಾಠ ಹೇಳಲು ಹೋಗಬೇಕೆ?

ಚಾರಣಕ್ಕೋ ಯಾತ್ರೆಗೋ ನೇಪಾಳಕ್ಕೆ ಹೋಗುವ ನಮ್ಮ ಕಡೆಯವರಲ್ಲಿ ಕೆಲವರಿಗೆ, ಅದರಲ್ಲೂ ಆಗಷ್ಟೇ ಓದು ಮುಗಿಸಿದವರಿಗೆ, ಕೆಲಸದಿಂದ ಒಂದೆರಡು ತಿಂಗಳು ಬಿಡುವು ಮಾಡಿಕೊಂಡವರಿಗೆ, ಅಲ್ಲಿನ ಅನಾಥ ಮಕ್ಕಳ ಶಾಲೆಯಲ್ಲಿ ಕೆಲ ದಿನ ಇದ್ದು ಪಾಠ ಹೇಳಿ ಬರಬೇಕೆಂಬ ಆಸೆ ಇರುತ್ತದೆ. ಹೋಗಬೇಕೆ, ಬೇಡವೆ? ಎರಡು ವಾದಗಳು ಇಲ್ಲಿವೆ.

ಪರ: ಮಕ್ಕಳು ಅಲ್ಲಿದ್ದಾರೆ, ಹೋಗಲೇಬೇಕು

ಅನಾಥಾಲಯಕ್ಕೆ ಸೇವೆಗೆ ಹೋಗುತ್ತೇನೆ ಎಂದವರನ್ನು ಇತ್ತೀಚೆಗೆ ಅಪರಾಧಿಗಳಂತೆ ನೋಡಲಾಗುತ್ತಿದೆ. ಮಕ್ಕಳನ್ನು ತೋರಿಸಿ ದುಡ್ಡು ಮಾಡುವ ಬಾಲಗೃಹಗಳು ನೇಪಾಳದಲ್ಲಿವೆ, ನಿಜ. ಆದರೆ ಆ ಮೋಸ ಹೊರಗೆ ಬಂದದ್ದು ಹೇಗೆ ಎಂಬುದನ್ನೂ ನೋಡಬೇಕು. 2004ರಲ್ಲಿ ಕಾನರ್ ಗ್ರೆನ್ನನ್ ಎಂಬ ಅಮೆರಿಕದ ಯುವಕ ಕಠ್ಮಂಡು ಕಣಿವೆಯ ಗೋದಾವರಿಯಲ್ಲಿ ಒಂದು ಮಕ್ಕಳ ಮನೆಗೆ ಸ್ವಯಂಸೇವಕನಾಗಿ ಬಂದ. ಮಕ್ಕಳ ಜೊತೆ ಬಾಳಿದ ಮೇಲೆ ಅವನಿಗೆ ಗೊತ್ತಾಯಿತು, ಅವರು ಅನಾಥರಲ್ಲ, ದೂರದ ಹುಮ್ಲಾ ಜಿಲ್ಲೆಯಿಂದ ದಲ್ಲಾಳಿಗಳು ಸಾಗಿಸಿ ತಂದವರು ಎಂದು. ಆತ ಹುಮ್ಲಾದ ಹಳ್ಳಿಗಳನ್ನು ಕಾಲ್ನಡಿಗೆಯಲ್ಲಿ ಸುತ್ತಿ ತಂದೆತಾಯಿಯರನ್ನು ಹುಡುಕಿದ. ಮಕ್ಕಳನ್ನು ಮನೆಗೆ ತಲುಪಿಸಲೆಂದೇ ನೆಕ್ಸ್ಟ್ ಜನರೇಷನ್ ನೇಪಾಳ್ ಎಂಬ ಸಂಸ್ಥೆ ಕಟ್ಟಿದ. ಹೊರಗಿನವರು ಯಾರೂ ಕಾಲಿಡದ ಬಾಲಗೃಹದಲ್ಲಿ ಆ ಮಕ್ಕಳ ಮಾತು ಕೇಳುವವರು ಯಾರಿದ್ದರು?

ಮ್ಯಾಗಿ ಡೋಯ್ನ್ ಕಥೆಯೂ ಹಾಗೆಯೇ. ನ್ಯೂಜೆರ್ಸಿಯ ಈ ಹುಡುಗಿ ಹೈಸ್ಕೂಲು ಮುಗಿಸಿ ಊರು ಸುತ್ತಲು ಹೊರಟವಳು ಪಶ್ಚಿಮ ನೇಪಾಳದ ಸುರ್ಖೇತ್ ತಲುಪಿದಳು. ಮಕ್ಕಳನ್ನು ನೋಡಿಕೊಳ್ಳುವ ಕೆಲಸದಲ್ಲಿ ಕೂಡಿಟ್ಟಿದ್ದ 5,000 ಡಾಲರಿನಲ್ಲಿ ಅಲ್ಲಿ ಜಾಗ ಕೊಂಡಳು. ಮೊದಲು ಮನೆ ಎದ್ದಿತು, 2010ರಲ್ಲಿ ಕೋಪಿಲಾ ವ್ಯಾಲಿ ಶಾಲೆ ಶುರುವಾಯಿತು. ಆ ಪ್ರದೇಶದ ಬಡ ಮನೆಗಳ ನೂರಾರು ಮಕ್ಕಳು ಅಲ್ಲಿ ಓದುತ್ತಿದ್ದಾರೆ. ಹೊರಗಿನವರು ಬೇಡ ಎಂದು ಆಕೆಯನ್ನು ಗಡಿಯಿಂದಲೇ ವಾಪಸು ಕಳಿಸಿದ್ದರೆ ಆ ಮಕ್ಕಳಿಗೆ ಏನು ಒಳ್ಳೆಯದಾಗುತ್ತಿತ್ತು?

‘ಆ ಮಕ್ಕಳಿಗೆ ತಂದೆತಾಯಿ ಇದ್ದಾರೆ, ಅವರು ಅನಾಥರೇ ಅಲ್ಲ’ ಎನ್ನುವವರಿಗೆ ತುಮಕೂರಿನ ಕಡೆ ಒಮ್ಮೆ ನೋಡಿ ಎನ್ನುತ್ತೇನೆ. ಸಿದ್ಧಗಂಗಾ ಮಠದಲ್ಲಿ ಹತ್ತು ಸಾವಿರದಷ್ಟು ಮಕ್ಕಳು ಉಂಡು, ಓದಿ, ಬೆಳೆಯುತ್ತಾರೆ. ಬಹುಪಾಲು ಮಕ್ಕಳಿಗೆ ಊರಿನಲ್ಲಿ ಅಪ್ಪ ಅಮ್ಮ ಇದ್ದಾರೆ. ಜೂನ್ ಬಂತೆಂದರೆ ಟ್ರಂಕು ಹೊತ್ತ ಅಪ್ಪಂದಿರು ಅಲ್ಲಿ ಸಾಲು ನಿಲ್ಲುತ್ತಾರೆ. ಅನ್ನ, ಅಕ್ಷರ, ಆಶ್ರಯ ಮೂರೂ ಒಂದೇ ಕಡೆ ಸಿಗುತ್ತದೆಂದು ಬಡವರು ಮಕ್ಕಳನ್ನು ದೂರ ಕಳಿಸುವುದನ್ನು ನಾವು ತಪ್ಪೆಂದು ಎಂದೂ ಹೇಳಿಲ್ಲ. ಹುಮ್ಲಾ ಇರುವ ಕರ್ನಾಲಿ ಸೀಮೆಯ ತಾಯಿಗೂ ಅದೇ ಆಸೆ. ಅವಳ ಹಳ್ಳಿಯ ಶಾಲೆಯಲ್ಲಿ ಮೇಷ್ಟ್ರು ಇರುವ ದಿನಕ್ಕಿಂತ ಇಲ್ಲದ ದಿನವೇ ಹೆಚ್ಚೆಂದಾದರೆ ಅವಳು ಏನು ಮಾಡಬೇಕು?

ಇನ್ನು ಪಾಠದ ಮಾತು. ಕನ್ನಡದ ಒಬ್ಬ ಮೇಷ್ಟ್ರು ಅಲ್ಲಿಗೆ ಹೋದರೆ ಯುರೋಪಿನಿಂದ ಬಂದ ಹತ್ತೊಂಬತ್ತರ ಹುಡುಗನಿಗಿಂತ ಎಷ್ಟೋ ಪಾಲು ಉಪಯೋಗಕ್ಕೆ ಬರುತ್ತಾರೆ. ಹೈಸ್ಕೂಲಿನಲ್ಲಿ ಹಿಂದಿ ಓದಿದವರಿಗೆ ನೇಪಾಳಿ ಪಠ್ಯದ ಲಿಪಿ ಹೊಸದಲ್ಲ. ಅಂಕಿಗಳೂ ಅವೇ. ಹತ್ತನೇ ತರಗತಿಯ ಪಬ್ಲಿಕ್ ಪರೀಕ್ಷೆಯನ್ನು ಅಲ್ಲಿ ಬಹಳ ಕಾಲ ‘ಕಬ್ಬಿಣದ ಬಾಗಿಲು’ ಎಂದೇ ಕರೆದರು. ನಮ್ಮ ಎಸ್ಸೆಸ್ಸೆಲ್ಸಿಯ ಭಯ ಗೊತ್ತಿರುವವರಿಗೆ ಅದನ್ನು ವಿವರಿಸಬೇಕಿಲ್ಲ. ಕಲಿಕೆಯ ತೊಡಕೂ ಒಂದೇ: ಎಂಟನೇ ಕ್ಲಾಸಿನ ಹುಡುಗ ಲ.ಸಾ.ಅ. ತೆಗೆದು ಮುಕ್ಕಾಲಿಗೆ ಅರ್ಧ ಸರಿಯಾಗಿಯೇ ಕೂಡುತ್ತಾನೆ. ಕೈಗೊಂದು ಹಾಳೆ ಕೊಟ್ಟು ‘ಮಡಿಸಿ ಮುಕ್ಕಾಲು ತೋರಿಸು’ ಎಂದರೆ ಅರ್ಧಕ್ಕೆ ಒಂದು ಮಡಿಕೆ ಹಾಕಿ ನಿಂತುಬಿಡುತ್ತಾನೆ. ಮೂವತ್ತು ವರ್ಷ ಗಣಿತ ಕಲಿಸಿದವರಿಗೆ ಆ ನಿಂತ ಕೈಯಿಂದ ಪಾಠ ಎಲ್ಲಿ ಶುರುಮಾಡಬೇಕೆಂದು ಗೊತ್ತು. ಅಂಥವರು ಮೂರು ತಿಂಗಳಿದ್ದು ಅಲ್ಲಿನ ಶಿಕ್ಷಕಿಯ ಜೊತೆಗೇ ನಿಂತು ತರಗತಿ ನಡೆಸಿದರೆ, ಅವರು ಹೊರಟ ಮೇಲೂ ಆ ಕಲಿಸುವ ರೀತಿ ಅಲ್ಲಿ ಉಳಿಯುತ್ತದೆ.

ವಾರದ ಮಟ್ಟಿಗೆ ಹೋಗಿ ಎಳೆಯ ಮಕ್ಕಳನ್ನು ಎತ್ತಿಕೊಂಡು ಆಡಿಸಿ ಬರುವುದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಇವತ್ತು ರಾತ್ರಿ ಆ ಮನೆಗಳಲ್ಲಿ ಮಲಗುವ ಮಕ್ಕಳು ನಾಳೆ ಬೆಳಿಗ್ಗೆಯೂ ಅಲ್ಲೇ ಏಳುತ್ತಾರೆ. ವ್ಯವಸ್ಥೆ ಸರಿಹೋಗುವವರೆಗೆ ಅವರ ಏಳನೇ, ಎಂಟನೇ ತರಗತಿಗಳು ಕಾಯುವುದಿಲ್ಲ.

ವಿರೋಧ: ನಾವು ಹೋಗುವುದರಿಂದಲೇ ಆ ಮನೆಗಳು ತುಂಬುತ್ತವೆ

ನೇಪಾಳದ ನಕ್ಷೆಯಿಂದಲೇ ಶುರುಮಾಡುತ್ತೇನೆ. ದೇಶದಲ್ಲಿ 75 ಜಿಲ್ಲೆಗಳಿದ್ದ ಕಾಲದಲ್ಲಿ ನೂರಕ್ಕೆ ತೊಂಬತ್ತರಷ್ಟು ಬಾಲಗೃಹಗಳು ಇದ್ದದ್ದು ಐದೇ ಜಿಲ್ಲೆಗಳಲ್ಲಿ: ಕಠ್ಮಂಡು, ಲಲಿತ್‌ಪುರ, ಭಕ್ತಪುರ, ಪೋಖರಾ ಇರುವ ಕಾಸ್ಕಿ, ಆನೆ ಮತ್ತು ಘೇಂಡಾಮೃಗಗಳ ಕಾಡಿರುವ ಚಿತ್ವನ್. ಐದೂ ಪ್ರವಾಸಿಗರು ಹೋಗುವ ಜಾಗಗಳು. ಬಡತನ ಹೆಚ್ಚಿರುವುದು ಕರ್ನಾಲಿಯಲ್ಲಿ, ಮಾವೋವಾದಿಗಳ ಅಂತರ್ಯುದ್ಧ ಹೆಚ್ಚು ಸುಟ್ಟದ್ದು ರೋಲ್ಪಾ, ರುಕುಮ್ ಕಡೆಯ ಗುಡ್ಡಗಳಲ್ಲಿ. ಬಾಲಗೃಹಗಳು ಎದ್ದದ್ದು ಮಾತ್ರ ವಿಮಾನ ನಿಲ್ದಾಣದ, ಹೋಟೆಲುಗಳ ಹತ್ತಿರ. 2015ರ ಭೂಕಂಪದ ಹೊತ್ತಿಗೆ ಈ ಮನೆಗಳಲ್ಲಿ ಸುಮಾರು 15 ಸಾವಿರ ಮಕ್ಕಳಿದ್ದರು. ಅವರಲ್ಲಿ ಹತ್ತಕ್ಕೆ ಎಂಟಕ್ಕೂ ಹೆಚ್ಚು ಮಕ್ಕಳಿಗೆ ತಂದೆಯೋ ತಾಯಿಯೋ ಒಬ್ಬರಾದರೂ ಬದುಕಿದ್ದರು. ನನ್ನ ವಿರೋಧದ ಬೇರು ಇಲ್ಲಿದೆ.

ಮಕ್ಕಳು ಅಲ್ಲಿಗೆ ಬಂದದ್ದು ಹೇಗೆ? ಕೈಲಾಸ ಯಾತ್ರೆಗೆ ನೇಪಾಳ್‌ಗಂಜ್ ದಾರಿಯಲ್ಲಿ ಹೋದ ಕನ್ನಡಿಗರಿಗೆ ಸಿಮಿಕೋಟ್ ಗೊತ್ತು. ಸಣ್ಣ ವಿಮಾನ ಇಳಿಯುವ ಆ ಪಟ್ಟಿ, ಹವಾಮಾನ ಕೆಟ್ಟರೆ ದಿನಗಟ್ಟಲೆ ಅಲ್ಲೇ ಸಿಕ್ಕಿಬೀಳುವ ಪಾಡು. 2018ರ ಜುಲೈಯಲ್ಲಿ ನಮ್ಮ ಯಾತ್ರಿಗಳು ಅಲ್ಲಿ ಸಿಲುಕಿದಾಗ ಇಡೀ ಕರ್ನಾಟಕ ಟಿವಿ ಮುಂದೆ ಕೂತಿತ್ತು. ಆ ಸಿಮಿಕೋಟ್ ಹುಮ್ಲಾದ ಜಿಲ್ಲಾ ಕೇಂದ್ರ. 1996ರಿಂದ 2006ರವರೆಗಿನ ಅಂತರ್ಯುದ್ಧದಲ್ಲಿ ಮಾವೋವಾದಿಗಳು ಮಕ್ಕಳನ್ನು ದಳಕ್ಕೆ ಎಳೆದುಕೊಂಡಾರೆಂಬ ಭಯ ಅಲ್ಲಿನ ಮನೆಮನೆಯಲ್ಲಿತ್ತು. ದಲ್ಲಾಳಿ ಬಂದು, ರಾಜಧಾನಿಯಲ್ಲಿ ಇಂಗ್ಲಿಷ್ ಶಾಲೆಗೆ ಸೇರಿಸುತ್ತೇನೆ ಎಂದ. ತಂದೆತಾಯಿ ಹೊಲ ಅಡವಿಟ್ಟು ಅವನ ಕೈಗೇ ದುಡ್ಡು ಕೊಟ್ಟರು. ಕಠ್ಮಂಡು ತಲುಪಿದ ಮೇಲೆ ಎಷ್ಟೋ ಮಕ್ಕಳ ಹೆಸರು ಬದಲಾಯಿತು. ಊರಿನಲ್ಲಿ ಜೀವಂತವಾಗಿದ್ದ ಅಪ್ಪ ಕಾಗದದ ಮೇಲೆ ಸತ್ತ. ಯಾರಾದರೂ ಕೇಳಿದರೆ ‘ನನಗೆ ಯಾರೂ ಇಲ್ಲ’ ಎನ್ನಬೇಕು ಎಂದು ಮಗುವಿಗೆ ಹೇಳಿಕೊಟ್ಟರು.

ಯುದ್ಧ ಮುಗಿದರೂ ಇದು ನಿಲ್ಲಲಿಲ್ಲ, ಏಕೆಂದರೆ ಇದಕ್ಕೆ ದುಡ್ಡು ಬರುತ್ತಿದ್ದದ್ದು ಬೇರೆ ಕಡೆಯಿಂದ. ಸ್ವಯಂಸೇವಕ ವಾರಕ್ಕಿಷ್ಟು ಎಂದು ಫೀಸು ಕಟ್ಟುತ್ತಾನೆ. ಅದರಲ್ಲಿ ಏಜೆನ್ಸಿಗೊಂದು ಪಾಲು, ಬಾಲಗೃಹಕ್ಕೊಂದು ಪಾಲು. ಊರಿಗೆ ಮರಳಿದವನು ನೆಂಟರಿಷ್ಟರಿಂದ ಎತ್ತಿ ಇನ್ನಷ್ಟು ಕಳಿಸುತ್ತಾನೆ. ಮಗು ತನ್ನ ಮನೆಗೆ ಹೋದ ದಿನ ಈ ವರಮಾನ ನಿಲ್ಲುತ್ತದೆ. ಎಲ್ಲ ಬಾಲಗೃಹಗಳೂ ಹೀಗಿಲ್ಲ, ಒಪ್ಪುತ್ತೇನೆ. ಆದರೆ ಆನ್‌ಲೈನಿನಲ್ಲಿ ಫೀಸು ಕಟ್ಟುವ ಬೆಂಗಳೂರಿನ ಹುಡುಗಿಗೆ ಯಾವುದು ಹೇಗೆ ಎಂದು ತಿಳಿಯುವ ದಾರಿ ಇಲ್ಲ. ಒಳಗೆ ಎರಡು ತಿಂಗಳಿದ್ದರೂ ತಿಳಿಯದಂತೆ ನಡೆಸುವುದು ಅವರಿಗೆ ಗೊತ್ತು.

ಸಿದ್ಧಗಂಗೆಯ ಹೋಲಿಕೆ ನನಗೆ ನೋವು ತಂದಿತು. ಅಲ್ಲಿ ಮಗುವಿನ ದಾಖಲೆಯಲ್ಲಿ ಅಪ್ಪನ ಹೆಸರಿದೆ, ಊರಿನ ಹೆಸರಿದೆ. ರಜೆ ಬಂದರೆ ಮಗು ಬಸ್ಸು ಹತ್ತಿ ಊರಿಗೆ ಹೋಗುತ್ತದೆ. ಅಮ್ಮ ಯಾವಾಗ ಬೇಕಾದರೂ ಬಂದು ನೋಡಬಹುದು, ಬೇಡವೆನಿಸಿದರೆ ಕರೆದುಕೊಂಡು ಹೋಗಬಹುದು. ಹುಮ್ಲಾದ ತಾಯಿಗೆ ತನ್ನ ಮಗು ಕಠ್ಮಂಡುವಿನ ಯಾವ ಬೀದಿಯಲ್ಲಿದೆ ಎಂಬುದೇ ವರ್ಷಗಟ್ಟಲೆ ಗೊತ್ತಿರಲಿಲ್ಲ. ಓದಿಗಾಗಿ ದೂರವಿರುವ ಮಗುವೂ, ಅನಾಥನೆಂದು ಸುಳ್ಳು ಬರೆಸಲ್ಪಟ್ಟ ಮಗುವೂ ಒಂದೇ ಅಲ್ಲ.

ಗ್ರೆನ್ನನ್ ಹೆಸರು ಬಂದದ್ದರಿಂದ ಮುಂದಿನದನ್ನೂ ಹೇಳಬೇಕು. ಆತ ಕಟ್ಟಿದ ಅದೇ ಸಂಸ್ಥೆ ನೇಪಾಳದ ಅನಾಥಾಲಯಗಳಿಗೆ ಸ್ವಯಂಸೇವಕರಾಗಿ ಬರಬೇಡಿ ಎಂದು ಪ್ರಚಾರ ಮಾಡಿತು. ಒಬ್ಬ ಒಳ್ಳೆಯವನು ಸತ್ಯ ಕಂಡುಹಿಡಿದ ಎಂಬುದಕ್ಕಿಂತ, ಸತ್ಯ ಕಂಡವನ ಬಳಗವೇ ಹೀಗೆ ಹೇಳಿತು ಎಂಬುದು ನನಗೆ ತೂಕದ ಮಾತು.

ಮಕ್ಕಳ ಮನಸ್ಸಿಗೆ ಆಗುವುದನ್ನೂ ನೋಡಬೇಕು. ಇಂಥ ಮನೆಯ ಗೇಟಿನೊಳಗೆ ಕಾಲಿಟ್ಟ ಕೂಡಲೇ ನಾಲ್ಕೈದು ವರ್ಷದ ಮಗು ಓಡಿ ಬಂದು ಅಪರಿಚಿತರ ಕೈ ಹಿಡಿಯುತ್ತದೆ, ತೊಡೆ ಏರುತ್ತದೆ, ಕೊರಳು ತಬ್ಬುತ್ತದೆ. ಬಂದವರು ‘ಎಷ್ಟು ಪ್ರೀತಿ!’ ಎಂದು ಕರಗುತ್ತಾರೆ. ನಮ್ಮ ಮನೆಯ ಮಗು ಹೊಸಬರನ್ನು ಕಂಡರೆ ಅಮ್ಮನ ಸೆರಗಿನ ಹಿಂದೆ ಅಡಗುತ್ತದೆ, ಅದು ಆರೋಗ್ಯದ ಲಕ್ಷಣ. ಯಾರ ತೊಡೆಯಾದರೂ ಸರಿ ಎನ್ನುವ ಈ ಮಗುವಿಗೆ ತನ್ನದೆನ್ನುವ ಒಬ್ಬರು ಇಲ್ಲ ಎಂದು ಮಕ್ಕಳ ಮನಸ್ಸನ್ನು ಬಲ್ಲವರು ಹೇಳುತ್ತಾರೆ. ರೊಮೇನಿಯಾದ ಬುಕಾರೆಸ್ಟ್‌ನಲ್ಲಿ 2000ದ ದಶಕದ ಶುರುವಿನಿಂದ ಸಂಸ್ಥೆಗಳಲ್ಲಿದ್ದ 136 ಎಳೆಯ ಮಕ್ಕಳ ಬೆಳವಣಿಗೆಯನ್ನು ವರ್ಷಗಟ್ಟಲೆ ಗಮನಿಸಲಾಯಿತು. ಅರ್ಧದಷ್ಟು ಮಕ್ಕಳನ್ನು ಸಾಕು ಕುಟುಂಬಗಳಿಗೆ ಕಳಿಸಿದ್ದರು. ಅವರಲ್ಲೂ ಎರಡು ವರ್ಷ ತುಂಬುವ ಮೊದಲೇ ಮನೆ ಸೇರಿದವರು ಚೆನ್ನಾಗಿ ಚೇತರಿಸಿಕೊಂಡರು. ಮಗುವಿಗೆ ಬೇಕಾದದ್ದು ಬಿಟ್ಟುಹೋಗದ ಒಬ್ಬರು. ಸ್ವಯಂಸೇವಕರು ವಾಪಸು ಟಿಕೆಟ್ ಇಟ್ಟುಕೊಂಡೇ ಬರುತ್ತಾರೆ. ಒಬ್ಬರು ಹೋಗಿ ಇನ್ನೊಬ್ಬರು, ಅವರು ಹೋಗಿ ಮತ್ತೊಬ್ಬರು. ಪ್ರತಿ ಸಲವೂ ಆ ಮಗು ಒಬ್ಬರನ್ನು ಕಳೆದುಕೊಳ್ಳುತ್ತದೆ.

ಸುರಕ್ಷತೆಯ ಮಾತು ಭಾರತೀಯರಾದ ನಮಗೆ ಹೆಚ್ಚು ಅನ್ವಯಿಸುತ್ತದೆ. ನಮಗೆ ನೇಪಾಳಕ್ಕೆ ವೀಸಾ ಬೇಡ, ಮತದಾರರ ಗುರುತಿನ ಚೀಟಿ ಸಾಕು. ರಕ್ಸೌಲ್‌ನಲ್ಲೋ ಸುನೌಲಿಯಲ್ಲೋ ಗಡಿ ದಾಟಿದವರು ಮರುದಿನವೇ ಒಂದು ಬಾಲಗೃಹದ ಮಕ್ಕಳ ಕೋಣೆಯಲ್ಲಿರಬಹುದು. ಅವರ ಹಿನ್ನೆಲೆ ಏನು ಎಂದು ಯಾರೂ ಕೇಳಿರುವುದಿಲ್ಲ. ಜಗತ್ತು ಗೌರವಿಸುತ್ತಿದ್ದ ವಿದೇಶಿ ಸೇವಾಕರ್ತನೊಬ್ಬ 2018ರಲ್ಲಿ ಕಾವ್ರೆ ಜಿಲ್ಲೆಯಲ್ಲಿ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯಕ್ಕಾಗಿ ಬಂಧಿತನಾಗಿ ಮರುವರ್ಷ ಜೈಲು ಶಿಕ್ಷೆಗೆ ಗುರಿಯಾದ. ಒಳ್ಳೆಯ ಹೆಸರನ್ನೇ ನಂಬಿ ಬಾಗಿಲು ತೆರೆಯುವ ಜಾಗ ಎಷ್ಟು ಅಪಾಯದ್ದೆಂದು ಇದರ ನಂತರವಾದರೂ ನಮಗೆ ಅರ್ಥವಾಗಬೇಕು.

ಹೊರಗಿನ ಜಗತ್ತು ಇದನ್ನು ಗಮನಿಸಿದೆ. ಆಸ್ಟ್ರೇಲಿಯಾ 2018ರಲ್ಲಿ ಆಧುನಿಕ ಗುಲಾಮಗಿರಿ ಕಾಯ್ದೆ ತರುವಾಗ ಅನಾಥಾಲಯಕ್ಕಾಗಿ ಮಕ್ಕಳ ಸಾಗಣೆಯ ವಿಷಯ ಅಲ್ಲಿನ ಸಂಸತ್ತಿನ ಮುಂದಿತ್ತು. 2019ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಅನಾಥಾಲಯಗಳ ಸ್ವಯಂಸೇವಾ ಕಾರ್ಯಕ್ರಮಗಳ ಹಾನಿಯನ್ನು ನಿರ್ಣಯದಲ್ಲೇ ಹೇಳಿತು. ಸಂಸ್ಥೆಯಲ್ಲಿ ಇಡುವುದು ಕೊನೆಯ ಉಪಾಯವಾಗಿರಬೇಕು ಎಂದು ನೇಪಾಳದ 2018ರ ಮಕ್ಕಳ ಕಾಯ್ದೆಯೇ ಹೇಳುತ್ತದೆ.

ಭಿನ್ನರಾಶಿ ಕಲಿಸಬಲ್ಲ ಮೇಷ್ಟ್ರನ್ನು ನಾನು ತಡೆಯುವುದಿಲ್ಲ. ಅವರು ಹೋಗಲಿ, ಆದರೆ ಸಂಜೆ ಗಂಟೆ ಬಾರಿಸಿದ ಮೇಲೆ ಮಕ್ಕಳು ತಮ್ಮ ತಮ್ಮ ಮನೆಗೆ ಓಡುವ ಶಾಲೆಗೆ ಹೋಗಲಿ. ಹುಮ್ಲಾ, ಜುಮ್ಲಾ, ಸುರ್ಖೇತ್‌ಗಳ ಸರ್ಕಾರಿ ಶಾಲೆಗಳಲ್ಲಿ ಅದೇ ಲಿಪಿ, ಅದೇ ಲೆಕ್ಕ, ಅದೇ ಪರೀಕ್ಷೆ. ಅಲ್ಲಿನ ಶಾಲೆ ಚೆನ್ನಾದರೆ ದಲ್ಲಾಳಿಯ ಮಾತಿಗೆ ಹೊಲ ಅಡವಿಡುವ ಅಪ್ಪಂದಿರು ಕಡಿಮೆಯಾಗುತ್ತಾರೆ. ಅನುಮತಿಯನ್ನು ಶಾಲೆಯ ಸಮಿತಿಯಿಂದ, ಸ್ಥಳೀಯ ಪಾಲಿಕೆಯಿಂದ ಪಡೆಯಬೇಕು. ಅದಕ್ಕೆ ತಿಂಗಳುಗಳು ಹಿಡಿದರೂ ಹಿಡಿಯಲಿ. ನಮ್ಮ ಪೊಲೀಸ್ ಕ್ಲಿಯರೆನ್ಸ್ ಪ್ರಮಾಣಪತ್ರವನ್ನು ಅವರು ಕೇಳದಿದ್ದರೂ ನಾವೇ ಕೊಡಬೇಕು.

ಈಗಾಗಲೇ ಬಾಲಗೃಹಗಳಲ್ಲಿರುವ ಮಕ್ಕಳ ಪಾಡೇನು ಎಂಬ ಪ್ರಶ್ನೆ ದೊಡ್ಡದು. ಅವರನ್ನು ಮನೆ ಸೇರಿಸುವ ಕೆಲಸ ಮಾಡುತ್ತಿರುವವರು ನೇಪಾಳದ ಸಮಾಜ ಕಾರ್ಯಕರ್ತರು. ಅವರಿಗೆ ಆ ಭಾಷೆ ಬರುತ್ತದೆ, ಆ ಜಿಲ್ಲೆಗಳ ಜಾತಿ, ಕುಲ, ಹಳ್ಳಿಗಳ ಗುರುತು ಇದೆ. ಅರ್ಧ ಮರೆತ ಊರಿನ ಹೆಸರು, ಒಂದು ಹೊಳೆ, ಒಬ್ಬ ಚಿಕ್ಕಪ್ಪನ ಅಡ್ಡಹೆಸರು ಹಿಡಿದು ಅವರು ಗುಡ್ಡ ಹತ್ತುತ್ತಾರೆ. ತಂದೆತಾಯಿ ಸಿಕ್ಕರೂ ಕೂಡಲೇ ಮಗುವನ್ನು ಬಿಟ್ಟು ಬರುವಂತಿಲ್ಲ. ಮೊದಲು ಭೇಟಿ, ಆಮೇಲೆ ಕೆಲ ದಿನದ ವಾಸ, ಆಮೇಲೆ ಮನೆ. ಮಗು ಶಾಲೆಗೆ ಹೋಗುತ್ತಿದೆಯೆ, ಉಣ್ಣುತ್ತಿದೆಯೆ ಎಂದು ನೋಡಲು ಮತ್ತೆ ಮತ್ತೆ ಹೋಗಬೇಕು. ಆ ಕಾರ್ಯಕರ್ತನ ಸಂಬಳ, ಸಿಮಿಕೋಟ್‌ಗೆ ವಿಮಾನದ ಖರ್ಚು, ಮನೆಗೆ ಮರಳಿದ ಮಗುವಿನ ಶಾಲೆಯ ಬಟ್ಟೆ ಪುಸ್ತಕದ ಖರ್ಚು ಯಾರಾದರೂ ಕೊಡಬೇಕು. ನಾವು ಏಜೆನ್ಸಿಗೆ ಕಟ್ಟಲು ತೆಗೆದಿಟ್ಟ ಫೀಸಿನ ದುಡ್ಡನ್ನು ಅದಕ್ಕೆ ಕಳಿಸಬಹುದು.