ವಾಟರ್ ಟ್ಯಾಂಕ್ ಇರುವ ಕಾಲೋನಿ

ನಾವಿರುವುದು ನ್ಯೂಜೆರ್ಸಿಯಲ್ಲಿ. ಐದನೇ ಕ್ಲಾಸಿನ ಮಗಳಿಗೆ ಗಣಿತ ಹೇಳಿಕೊಡುವುದು ಅವಳಮ್ಮನ ಪಾಲು, ಸೋಷಿಯಲ್ ಸ್ಟಡೀಸ್ ನನ್ನ ಪಾಲು. ನಾಳೆ ಪದಗಳ ಟೆಸ್ಟ್ ಅನ್ನುವಾಗ, ನಾನು ಕ್ರಿಕೆಟ್ ಸ್ಕೋರ್ ನೋಡುತ್ತಾ ಕೂತಿದ್ದೆ.

"ಅಪ್ಪಾ, ಕಾಲೋನಿ ಅಂದ್ರೇನು?"

ಇದಕ್ಕೆಲ್ಲ ಮೊಬೈಲಿನಿಂದ ತಲೆ ಎತ್ತಬೇಕಾ? "ಒಂದೇ ಥರದ ಮನೆಗಳು ಸಾಲಾಗಿರುತ್ವೆ. ಒಂದು ಪಾರ್ಕು, ಒಂದು ವಾಟರ್ ಟ್ಯಾಂಕು. ನಾನು ಬೆಳೆದಿದ್ದೂ ಮೈಸೂರಿನ ರೈಲ್ವೆ ಕಾಲೋನಿಯಲ್ಲೇ" ಎಂದೆ.

ಪಾಪ, ಹಾಗೇ ಬರೆದಳು. ಪೇಪರ್ ವಾಪಸ್ ಬಂದಾಗ ವಾಟರ್ ಟ್ಯಾಂಕಿನ ಪಕ್ಕ ಟೀಚರ್ ದೊಡ್ಡದೊಂದು ಪ್ರಶ್ನೆ ಚಿಹ್ನೆ ಹಾಕಿದ್ದರು. "ದೂರದ ದೇಶವೊಂದು ಆಳೋ ಜಾಗ ಅಪ್ಪಾ ಅದು! ನ್ಯೂಜೆರ್ಸಿನೇ 13 ಕಾಲೋನಿಗಳಲ್ಲಿ ಒಂದಾಗಿತ್ತು" ಎಂದಳು. ಬ್ರಿಟಿಷರು ಆಳಿದ ದೇಶದಿಂದ ಬಂದವನಿಗೆ ಈ ಪಾಠ!

ಮಾನ ಉಳಿಸಿಕೊಳ್ಳಲು ಅವಳ ಪುಸ್ತಕ ಹಿಡಿದು ಜೋರಾಗಿ ಓದತೊಡಗಿದೆ. 1773ರ ಡಿಸೆಂಬರ್, ಬಾಸ್ಟನ್ ಬಂದರು, ಬ್ರಿಟಿಷರ ತೆರಿಗೆ ಮೇಲಿನ ಸಿಟ್ಟಿಗೆ ಕಾಲೋನಿಯವರಿಂದ 342 ಪೆಟ್ಟಿಗೆ ಟೀ ನೀರಿಗೆ. ಊರಿಂದ ಬಂದಿದ್ದ ಅಮ್ಮ ಸೋಫಾದಿಂದ ಎದ್ದೇ ಕೂತರು.

"ಅಯ್ಯೋ, ಅಷ್ಟೊಂದು ಟೀ! ಯಾರದ್ದೋ ಅದು?"

"ಈಸ್ಟ್ ಇಂಡಿಯಾ ಕಂಪನಿದು ಅಮ್ಮ."

"ಹಂಗಾದ್ರೆ ಸರಿ ಬಿಡು."

ಮುಂದಿನ ಪುಟಗಳಲ್ಲಿ ಪರಿಚಯದವನೊಬ್ಬ ಸಿಕ್ಕಿದ. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ, 1781ರಲ್ಲಿ ಯಾರ್ಕ್‌ಟೌನ್‌ನಲ್ಲಿ ವಾಷಿಂಗ್ಟನ್ ಎದುರು ಸೋತ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್! ಹುಷಾರಿಲ್ಲ ಅಂತ ಹೇಳಿ, ಶರಣಾಗಲು ತನ್ನ ಕೈಕೆಳಗಿನವನನ್ನು ಕಳಿಸಿದನಂತೆ. ಸಿಕ್ ಲೀವ್ ಆಗಲೂ ಇತ್ತು, ಅಲ್ವಾ?

"ಪುಟ್ಟಿ, ಇವನು ಆಮೇಲೆ ಗವರ್ನರ್ ಜನರಲ್ ಆಗಿ ಇಂಡಿಯಾಗೆ ಬಂದ. 1791ರಲ್ಲಿ ಬೆಂಗಳೂರು ಕೋಟೆ ಹಿಡಿದ. ಮರುವರ್ಷ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಇಬ್ಬರು ಮಕ್ಕಳನ್ನ ಒತ್ತೆ ಇಟ್ಕೊಂಡ!" ನನಗೆ ಮೈಮೇಲೆ ಬಂದ ಹಾಗಾಗಿತ್ತು.

"ಸೋತವನಿಗೆ ಅಷ್ಟು ದೊಡ್ಡ ಕೆಲಸ ಕೊಟ್ರಾ?" ಮಗಳು ಒಂದು ಕ್ಷಣ ಯೋಚಿಸಿದಳು. "ಇದು ಟೆಸ್ಟಲ್ಲಿ ಬರುತ್ತಾ?"

"ಇಲ್ಲ..."

ಪುಸ್ತಕ ನನ್ನ ಕೈಯಿಂದ ಹೋಯಿತು. ಸೋಷಿಯಲ್ ಸ್ಟಡೀಸ್ ಈಗ ಅಜ್ಜಿಯ ಪಾಲು, ನನಗೆ ಟಿಫಿನ್ ಬಾಕ್ಸ್ ತೊಳೆಯುವ ಕೆಲಸ. ನಿನ್ನೆ ಸಿಂಕ್ ಮುಂದೆ ನಿಂತಿದ್ದಾಗ ಹಾಲ್‌ನಿಂದ ಪಾಠ ಕೇಳಿಸುತ್ತಿತ್ತು.

"ಅಜ್ಜಿ, ಸಬರ್ಬ್ ಅಂದ್ರೇನು?"

"ಕಾರಿಲ್ದೆ ಒಂದು ಕಟ್ಟು ಕೊತ್ತಂಬರಿ ಸೊಪ್ಪೂ ಸಿಗದ ಜಾಗ. ಬರ್ಕೋ."