ಎಷ್ಟು ಟಿಬಿ ಅಂತ ಕೇಳೋದು ಬಿಡಿ ಸ್ವಾಮಿ

ಭಾನುವಾರ ಕ್ಯಾತ್ಸಂದ್ರಕ್ಕೆ ಭಾವನ ಮನೆಗೆ ಹೋಗಿದ್ದೆ. ಹೊಟ್ಟೆ ತುಂಬಾ ತಟ್ಟೆ ಇಡ್ಲಿ ತಿಂದು, ತಲೆ ತುಂಬಾ ಸಿಟ್ಟು ಹೊತ್ತುಕೊಂಡು ತುಮಕೂರಿಗೆ ವಾಪಸ್ ಬಂದೆ.

ಭಾವ ಹೊಸದಾಗಿ ನಾಸ್ ತಗೊಂಡಿದ್ದಾರೆ. ಅದೇ, ಒಳಗೆ ಹಾರ್ಡ್ ಡಿಸ್ಕ್ ಜೋಡಿಸಿ ರೂಟರ್‌ಗೆ ಸಿಕ್ಕಿಸುವ ಡಬ್ಬ. ಅದರಲ್ಲಿ ಎಷ್ಟು ಹಿಡಿಸುತ್ತೆ ಅನ್ನೋದನ್ನ ಟಿಬಿ, ಅಂದ್ರೆ ಟೆರಾಬೈಟ್ ಲೆಕ್ಕದಲ್ಲಿ ಹೇಳ್ತಾರೆ. ಮನೆಯ ಟಿವಿ, ಫೋನು ಎಲ್ಲದರಲ್ಲೂ ಅದರಲ್ಲಿರುವ ವಿಡಿಯೋ ನೋಡಬಹುದು. ಮೊಮ್ಮಗಳ ನಾಮಕರಣದ ವಿಡಿಯೋ ಹಾಕಿದರು. ಅಕ್ಕ, ಬೀಗಿತ್ತಿ, ಪಕ್ಕದ ಮನೆಯವರು ಎಲ್ಲರೂ ಚಾಪೆ ಮೇಲೆ. ಸೋದರತ್ತೆ ಮಗುವಿನ ಕಿವಿ ಹತ್ತಿರ ಬಗ್ಗಿದಳು, ಇನ್ನೇನು ಹೆಸರು ಹೇಳಬೇಕು, ಪರದೆ ಮೇಲೆ ಗುಂಡಗೆ ಚಕ್ರ! ಮೂರು ಸೆಕೆಂಡ್ ಓಡುತ್ತೆ, ಹತ್ತು ಸೆಕೆಂಡ್ ತಿರುಗುತ್ತೆ. ಮಗು ಆಗಲೇ ಎದ್ದು ಓಡಾಡ್ತಿದೆ, ಟಿವಿಯಲ್ಲಿ ಅದಕ್ಕಿನ್ನೂ ಹೆಸರಿಲ್ಲ.

"ಇಂಟರ್ನೆಟ್ ಸ್ಲೋ ಕಣಯ್ಯಾ" ಅಂದರು ಭಾವ.

ಇದಕ್ಕೆ ಇಂಟರ್ನೆಟ್ ಯಾಕೆ ಬೇಕು? ಮನೆ ಡಬ್ಬದಿಂದ ಮನೆ ಟಿವಿಗೆ ಹೋಗೋದು.

"ಭಾವ, ಅಂಗಡಿಯವನು ಏನೇನು ಕೇಳಿದ?"

"ಎಷ್ಟು ಟಿಬಿ ಬೇಕು ಅಂದ."

"ಟಿವಿ ಯಾವುದು ಅಂತ ಕೇಳಲಿಲ್ವಾ?"

"ಟಿವಿ ಯಾಕೆ ಕೇಳ್ತಾನೆ? ಟಿವಿ ಇದೆಯಲ್ಲ!"

ಇದೇ ನನ್ನ ಗೋಳು. ಎಲ್ಲರೂ ಟಿಬಿ ಲೆಕ್ಕ ಹಾಕ್ತಾರೆ, ಡಬ್ಬದ ಮಿದುಳಾದ ಪ್ರೊಸೆಸರ್ ಯಾವುದು ಅಂತ ಒಬ್ಬರೂ ಕೇಳಲ್ಲ. ಐಫೋನಿನಲ್ಲಿ ತೆಗೆದ 4ಕೆ ವಿಡಿಯೋ ಸಾಮಾನ್ಯವಾಗಿ ಎಚ್‌.265 ಅನ್ನೋ ರೂಪದಲ್ಲಿ ಕುಗ್ಗಿಸಿ ಇಟ್ಟಿರುತ್ತೆ. ಭಾವನ ಹಳೇ ಟಿವಿಗೆ ಅದು ಓದೋಕೆ ಬರಲ್ಲ. ಆಗ ಡಬ್ಬವೇ ಆ ವಿಡಿಯೋವನ್ನು ಓಡಿಸ್ತಾ ಓಡಿಸ್ತಾ ಟಿವಿಗೆ ಅರ್ಥವಾಗುವ ರೂಪಕ್ಕೆ ಬದಲಾಯಿಸಬೇಕು. ಟ್ರಾನ್ಸ್‌ಕೋಡಿಂಗ್ ಅಂದ್ರೆ ಇದೇ. ಪ್ರೊಸೆಸರ್ ಒಳಗೇ ಗ್ರಾಫಿಕ್ಸ್, ಅಂದ್ರೆ ಚಿತ್ರ-ವಿಡಿಯೋ ಕೆಲಸಕ್ಕೇ ಇರುವ ಭಾಗ ಇದ್ದರೆ, ಉದಾಹರಣೆಗೆ 2023ರಲ್ಲಿ ಬಂದ ಇಂಟೆಲ್ ಎನ್‌100, ಈ ಕೆಲಸ ಸಲೀಸು, ಕರೆಂಟೂ ಕಮ್ಮಿ. ಭಾವನ ಡಬ್ಬದಲ್ಲಿ ಗ್ರಾಫಿಕ್ಸೇ ಇಲ್ಲ. ಆಫೀಸಿನ ಫೈಲು ಇಡೋಕೆ ಒಳ್ಳೇದೇ, ನಾಮಕರಣ ತೋರಿಸೋಕಲ್ಲ. ಆದರೆ ಟಿಬಿ ನೋಡಿ! ಎಂಟೆಂಟು ಟಿಬಿಯ ನಾಲ್ಕು ಡಿಸ್ಕ್, ಒಂದು ಡಿಸ್ಕ್ ಕೆಟ್ಟರೂ ಫೈಲು ಉಳಿಯುವ ರೇಡ್ 5 ಜೋಡಣೆಯಲ್ಲಿ ಒಂದರಷ್ಟು ಜಾಗ ಕಳೆದು 24 ಟಿಬಿ. ಅವರ ಹತ್ತಿರ ಇರೋದು ಒಂದು ಟಿಬಿಯೂ ಇಲ್ಲ. ಕಣಜ ಕಟ್ಟಿಸಿ ಒಂದು ಸೇರು ರಾಗಿ ಸುರಿದ ಹಾಗೆ.

ಟಿವಿಗೇ ಎಲ್ಲಾ ರೂಪ ಓದೋಕೆ ಬಂದರೆ ಪ್ರೊಸೆಸರ್ ಯಾವುದಾದರೇನು ಅಂತ ಕೆಲವರು ಬರ್ತೀರಿ, ಗೊತ್ತು. ನಿಜ. ನನ್ನ ಹೊಸ ಟಿವಿಯಲ್ಲಿ ಹಾಗೇ ನಡೀತಿದೆ. ಆದರೆ ಅದಕ್ಕೂ ಮೊದಲು ಟಿವಿ ಯಾವುದು ಅಂತ ಕೇಳಬೇಕಲ್ವಾ? ಇನ್ನು "ಒಟಿಟಿ ಇರುವಾಗ ಇದೆಲ್ಲಾ ಯಾಕೆ" ಅನ್ನುವವರು, ನಮ್ಮ ಮನೆ ನಾಮಕರಣ ಯಾವ ಒಟಿಟಿಯಲ್ಲಿ ಬರುತ್ತೆ ಹೇಳಿ, ಚಂದಾ ಕಟ್ತೀನಿ. (ಚಂದಾ ಅಂದಾಗ ನೆನಪಾಯ್ತು, ನಾಸ್‌ನಿಂದ ಟಿವಿಗೆ ವಿಡಿಯೋ ಕಳಿಸೋ ಸಾಫ್ಟ್‌ವೇರ್‌ಗಳಲ್ಲಿ ಪ್ಲೆಕ್ಸ್‌ನಲ್ಲಿ ಗ್ರಾಫಿಕ್ಸ್ ಬಳಸಿ ರೂಪ ಬದಲಾಯಿಸಬೇಕಂದ್ರೆ ದುಡ್ಡು ಕಟ್ಟಬೇಕು, ಜೆಲ್ಲಿಫಿನ್‌ನಲ್ಲಿ ಅದು ಬಿಟ್ಟಿ.)

ಇಷ್ಟೆಲ್ಲಾ ಹಾರಾಡುವ ನಾನೇನು ಸಾಚಾ ಅಲ್ಲ. ನನ್ನ ಮೊದಲ ನಾಸ್‌ನಲ್ಲಿ ಎರಡು ಡಿಸ್ಕ್, ಒಂದರ ಪಡಿಯಚ್ಚು ಇನ್ನೊಂದು. ಇನ್ನೇನು ಭಯ ಅಂತ ಬೇರೆ ಕಾಪಿ ಇಡಲಿಲ್ಲ. ಒಂದು ರಾತ್ರಿ ನಿದ್ದೆಗಣ್ಣಲ್ಲಿ ಫೋಲ್ಡರ್ ಒಂದನ್ನು ಅಳಿಸಿದೆ. ಎರಡೂ ಡಿಸ್ಕ್ ವಿಧೇಯವಾಗಿ ಒಟ್ಟಿಗೇ ಅಳಿಸಿದವು. ಅಪ್ಪ ತೋಟದಲ್ಲಿ ನಿಂತು ಎಳನೀರು ಕೆತ್ತುವ ವಿಡಿಯೋ ಅದರಲ್ಲಿತ್ತು. ಅಕ್ಕನಿಗೆ ಇನ್ನೂ ಹೇಳಿಲ್ಲ, ಅವಳು ಫೇಸ್‌ಬುಕ್‌ನಲ್ಲಿ ಇಲ್ಲ ಅನ್ನೋ ಧೈರ್ಯದಲ್ಲಿ ಬರೀತಿದ್ದೀನಿ.

ಡಬ್ಬ ವಾಪಸ್ ತಗೊಳ್ಳಲ್ಲ ಅಂದನಂತೆ ಅಂಗಡಿಯವನು, ಸೀಲ್ ಒಡೆದಿದೆಯಂತೆ. ಸರಿ, ಭಾವನ ವಿಡಿಯೋಗಳನ್ನೆಲ್ಲಾ ನನ್ನ ಲ್ಯಾಪ್‌ಟಾಪ್‌ಗೆ ತಂದು ಮೊದಲೇ ಎಚ್‌.264 ಅನ್ನೋ ಹಳೇ ರೂಪಕ್ಕೆ ಬದಲಾಯಿಸ್ತಿದ್ದೀನಿ, ಹಾಗಾದ್ರೆ ಟಿವಿಯೇ ಓದಿಕೊಳ್ಳುತ್ತೆ. ಮೂರು ರಾತ್ರಿಯಿಂದ ಫ್ಯಾನ್ ಹಿಟ್ಟಿನ ಗಿರಣಿ ಥರ ಸದ್ದು ಮಾಡ್ತಿದೆ. ಭಾವ ಈಗಷ್ಟೇ ಫೋನ್ ಮಾಡಿದ್ದರು. "ಇನ್ನೊಂದು ಎಂಟು ಟಿಬಿ ಹಾಕಿಸಿದ್ರೆ ಸರಿ ಹೋಗುತ್ತೇನಯ್ಯಾ?"