ಜೇಬು ನೋಡದೆ ಗುಂಡಿ ಒತ್ತುವವರು

ಒಗೆದು, ಒಣಗಿಸಿ, ಮಡಚಿ ಹಾಸಿಗೆಯ ತುದಿಯಲ್ಲಿಟ್ಟ ಟೀಶರ್ಟು ಎರಡೇ ದಿನಕ್ಕೆ ಕೊಳೆಬಟ್ಟೆಯ ಬುಟ್ಟಿಯಲ್ಲಿ ಪ್ರತ್ಯಕ್ಷ. ಬೆವರಿಲ್ಲ, ಕಲೆಯಿಲ್ಲ, ಇಟ್ಟ ಮಡಿಕೆ ಕೂಡ ಬಿಚ್ಚಿಲ್ಲ. ನಡುವೆ ನಡೆದದ್ದು ಇಷ್ಟೇ: ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ನೆಲಕ್ಕೆ, ‘ರೂಮು ಕ್ಲೀನ್ ಮಾಡು’ ಎಂಬ ಮೂರನೇ ಕೂಗಿಗೆ ನೆಲದಿಂದ ಬುಟ್ಟಿಗೆ. ಕಪಾಟು ಕೈಗೆಟುಕುವಷ್ಟು ಹತ್ತಿರವಿತ್ತು. ಬುಟ್ಟಿ ಇದ್ದದ್ದು ಬಚ್ಚಲ ಪಕ್ಕ. ಆದರೂ ಬುಟ್ಟಿಯೇ ಗೆದ್ದಿತು. ಕಪಾಟಿಗಾದರೆ ಬಾಗಿಲು ತೆಗೆಯಬೇಕು, ಬುಟ್ಟಿಗೆ ಬಾಗಿಲಿಲ್ಲ ನೋಡಿ.

ಹದಿಮೂರು, ಹದಿನಾಲ್ಕು ದಾಟಿದ ಮಕ್ಕಳು ತಮ್ಮ ಬಟ್ಟೆ ತಾವೇ ಒಗೆದುಕೊಳ್ಳಬೇಕೇ ಎಂಬ ಚರ್ಚೆ ಮನೆಮನೆಯಲ್ಲಿ ಹುಟ್ಟುವುದು ಇಂಥ ಟೀಶರ್ಟಿನಿಂದಲೇ. ಸ್ವಾವಲಂಬನೆ, ಜವಾಬ್ದಾರಿ ಮುಂತಾದ ದೊಡ್ಡ ಮಾತುಗಳೆಲ್ಲ ಆಮೇಲೆ ಬಂದು ಸೇರಿಕೊಳ್ಳುತ್ತವೆ. ಮೊದಲು ಬರುವುದು ಸಿಟ್ಟು. ಸಿಟ್ಟಿನ ಭರದಲ್ಲೊಂದು ಘೋಷಣೆ: “ನಾಳೆಯಿಂದ ನಿನ್ನ ಬಟ್ಟೆ ನೀನೇ ಒಗ್ಕೋ.” ಮೊಬೈಲಿನಿಂದ ತಲೆಯೆತ್ತದೆ ಉತ್ತರ: “ಸರಿ.”

ಅಷ್ಟು ಸಲೀಸಾಗಿ ‘ಸರಿ’ ಬಂತೆಂದರೆ ಹುಷಾರಾಗಬೇಕು. ಒಗೆಯುವುದೆಂದರೆ ಅವರ ಲೆಕ್ಕದಲ್ಲಿ ಗುಂಡಿ ಒತ್ತುವುದು. ಅದನ್ನು ಯಾರು ಬೇಕಾದರೂ ಮಾಡಿಯಾರು, ಮುಂದಿನ ಒಂದೂವರೆ ಗಂಟೆ ಮಷೀನು ಯಾರ ಹಂಗೂ ಇಲ್ಲದೆ ದುಡಿಯುತ್ತದೆ. ಮನುಷ್ಯರ ಕೆಲಸ ಇರುವುದು ಅದಕ್ಕೆ ಮುಂಚಿನ ಹತ್ತು ನಿಮಿಷದಲ್ಲಿ ಮತ್ತು ಆಮೇಲಿನ ಇಪ್ಪತ್ತು ನಿಮಿಷದಲ್ಲಿ. ಹದಿಹರೆಯದವರಿಗೆ ಆಸಕ್ತಿ ಇರುವುದು ಮಷೀನು ಮಾಡುವ ಭಾಗದಲ್ಲಿ ಮಾತ್ರ.

ಮುಂಚಿನ ಹತ್ತು ನಿಮಿಷದಲ್ಲಿ ಮೊದಲನೆಯದು ಜೇಬು. ಒಂದೇ ಒಂದು ಟಿಶ್ಯೂ ಪೇಪರ್ ಸಾಕು. ನೀರಿನಲ್ಲಿ ಅದು ಕರಗುವುದಿಲ್ಲ. ನಾರುನಾರಾಗಿ ಬಿಚ್ಚಿಕೊಂಡು ಡ್ರಮ್ಮಿನೊಳಗಿನ ಎಲ್ಲ ಬಟ್ಟೆಗೂ ಸಮಪಾಲು ಹಂಚಿಕೆಯಾಗುತ್ತದೆ, ಕಪ್ಪು ಬಟ್ಟೆಗೆ ಒಂದು ಪಾಲು ಹೆಚ್ಚೇ. ಕೂಡಲೇ ಇನ್ನೊಮ್ಮೆ ಒಗೆದುಬಿಡೋಣ ಎಂದು ಎಲ್ಲರಿಗೂ ಅನ್ನಿಸುತ್ತದೆ. ಒಗೆದರೆ ಚೂರುಗಳು ಇನ್ನಷ್ಟು ಚೂರಾಗುತ್ತವೆ, ಅಷ್ಟೆ. ಹಾಗೆಯೇ ಒಣಗಲು ಬಿಟ್ಟು, ಹೊರಗೆ ನಿಂತು ಜೋರಾಗಿ ಕೊಡವಿದರೆ ಮುಕ್ಕಾಲು ಪಾಲು ಉದುರುತ್ತದೆ. ಉಳಿದದ್ದನ್ನು ಅಗಲದ ಅಂಟುಪಟ್ಟಿ ಒತ್ತಿ ಕಿತ್ತರಾಯಿತು. ನಾಣ್ಯ, ಹೇರ್‌ಪಿನ್ನುಗಳು ಸದ್ದಿಲ್ಲದೆ ಕೆಳಗಿನ ಫಿಲ್ಟರಿಗೆ ಇಳಿದು, ನೀರು ಹೊರಹೋಗದೆ ಮಷೀನು ಮುಷ್ಕರ ಹೂಡಿದ ದಿನವಷ್ಟೇ ನೆನಪಾಗುತ್ತವೆ. ಲಿಪ್‌ಬಾಮ್ ಬಿಸಿನೀರಿಗೆ ಕರಗಿ ಅಕ್ಕಪಕ್ಕದ ಬಟ್ಟೆಗೆಲ್ಲ ಎಣ್ಣೆಮಚ್ಚೆ ಬಳಿಯುತ್ತದೆ. ಅದಕ್ಕೆ ಪಾತ್ರೆ ತೊಳೆಯುವ ದ್ರವವನ್ನು ಹಚ್ಚಿ ಕಾಲು ಗಂಟೆ ಬಿಟ್ಟು ಮತ್ತೆ ಒಗೆಯಬೇಕು. ಬಾಲ್‌ಪೆನ್ನಿನ ಶಾಯಿಗೆ ಸ್ಯಾನಿಟೈಸರ್ ಆಗುತ್ತದೆ: ಕಲೆಯ ಅಡಿಗೆ ಹಳೇ ಬಟ್ಟೆಯೊಂದನ್ನಿಟ್ಟು, ಮೇಲಿಂದ ಒದ್ದೆ ಮಾಡಿ ಒತ್ತಬೇಕು. ಉಜ್ಜಬಾರದು, ಉಜ್ಜಿದರೆ ಚುಕ್ಕೆಯಷ್ಟಿದ್ದದ್ದು ಅಂಗೈ ಅಗಲವಾಗುತ್ತದೆ.

ಇನ್ನು ಕಾಲುಚೀಲ. ಕಾಲಿಂದ ಸುರುಳಿ ಸುತ್ತಿ ಕಳಚಿದ್ದು ಉಂಡೆಯಾಗಿ ಬುಟ್ಟಿಗೆ ಬರುತ್ತದೆ, ಉಂಡೆಯಾಗಿಯೇ ಮಷೀನಿಗೆ ಹೋಗುತ್ತದೆ, ಉಂಡೆಯಾಗಿಯೇ ತಂತಿಯ ಮೇಲೆ ಕೂರುತ್ತದೆ. ಮುಟ್ಟಿದರೆ ಹೊರಗೆಲ್ಲ ಗರಿಗರಿ. ಬಿಡಿಸಿ ನೋಡಿದರೆ ಒಳಗೆ ಮಣ್ಣು, ಬೆವರು, ಸೋಪು ಮೂರೂ ಹಸಿಹಸಿಯಾಗಿ ಸಂಸಾರ ಹೂಡಿರುತ್ತವೆ. ಟೀಶರ್ಟು, ಜೀನ್ಸು ಉಲ್ಟಾ ಇದ್ದರೆ ಮಾತ್ರ ಬೈಯಬೇಡಿ. ಅದು ಅವರು ಗೊತ್ತಿಲ್ಲದೆ ಮಾಡುವ ಸರಿಯಾದ ಕೆಲಸ. ಬೆವರು, ಮೈಜಿಡ್ಡು ಕೂತಿರುವುದು ಒಳಮೈಯಲ್ಲೇ. ಉಲ್ಟಾ ಒಗೆದರೆ ಅದೂ ಹೋಗುತ್ತದೆ, ಹೊರಗಿನ ಬಣ್ಣವೂ ಬಾಳುತ್ತದೆ. ಒಂದು ತೋಳು ಮಾತ್ರ ಉಲ್ಟಾ ಇರುವ ಶರ್ಟಿಗೆ ಕ್ಷಮೆಯಿಲ್ಲ.

ಸೋಪಿನ ವಿಷಯದಲ್ಲಿ ಮಕ್ಕಳು ಧಾರಾಳಿಗಳು. ವಾಸನೆ ಹೆಚ್ಚಿದ್ದರೆ ಸೋಪೂ ಹೆಚ್ಚು ಬೇಕು ಎಂಬುದು ಅವರ ತರ್ಕ. ನೊರೆ ಹೆಚ್ಚಾದಷ್ಟೂ ಬಟ್ಟೆಗಳು ಒಂದಕ್ಕೊಂದು ಉಜ್ಜದೆ ಮೆತ್ತಗೆ ತೇಲುತ್ತಿರುತ್ತವೆ, ಕೊಳೆ ಇದ್ದಲ್ಲೇ ಇರುತ್ತದೆ. ಎರಡು ಸಲ ಜಾಲಿಸಿದರೂ ಹೋಗದ ಸೋಪು ನೂಲಿಗೆ ಅಂಟಿ, ಮುಂದಿನ ಬೆವರನ್ನು ಹಿಡಿದಿಟ್ಟುಕೊಳ್ಳುತ್ತದೆ. ಸಾಂದ್ರ ದ್ರವವಾದರೆ ಸಾಮಾನ್ಯ ಕೊಳೆಗೆ ಎರಡು ದೊಡ್ಡ ಚಮಚ, ಅಂದರೆ 30 ಮಿ.ಲೀ. ಆಸುಪಾಸು ಸಾಕು, ಗಡಸು ನೀರಾದರೆ ಸ್ವಲ್ಪ ಹೆಚ್ಚು. ಮುಂಬಾಗಿಲಿನ ಮಷೀನಿನಲ್ಲಿ ಇನ್ನೊಂದು ಬಲೆಯಿದೆ. ಸೋಪಿನ ಡ್ರಾಯರಿನಲ್ಲಿ ಮೂರು ಖಾನೆ. ಎರಡು ಗೀಟಿನದು ಮುಖ್ಯ ಒಗೆತಕ್ಕೆ, ಒಂದು ಗೀಟಿನದು ಪೂರ್ವ ಒಗೆತಕ್ಕೆ, ಹೂವಿನ ಚಿತ್ರದ್ದು ಬಟ್ಟೆ ಮೆತ್ತಗಾಗಿಸುವ ಕಂಡೀಷನರಿಗೆ. ಹೂವು ಚೆನ್ನಾಗಿದೆಯೆಂದು ಸೋಪನ್ನು ಅಲ್ಲಿಗೆ ಸುರಿದರೆ, ಬರೀ ನೀರಿನಲ್ಲಿ ಒಗೆದು ಮುಗಿದು, ಕೊನೆಯ ಜಾಲಿಸುವಿಕೆಯ ನೀರಿಗೆ ಸೋಪು ಇಳಿಯುತ್ತದೆ. ಬಟ್ಟೆ ಘಮಘಮ ಅನ್ನುತ್ತದೆ, ಮುಟ್ಟಿದರೆ ಜಾರುತ್ತದೆ.

ಇದೆಲ್ಲ ಸಣ್ಣ ಪುಟ್ಟದ್ದು. ಅಸಲಿ ನಾಟಕ ನಡೆಯುವುದು ರಾತ್ರಿ ಹತ್ತು ಗಂಟೆಗೆ, ಮರುದಿನಕ್ಕೆ ಅದೇ ಕಪ್ಪು ಜೀನ್ಸ್ ಬೇಕೆಂದು ನೆನಪಾದಾಗ. ಕಪಾಟಿನಲ್ಲಿ ಬೇರೆ ಮೂರು ಪ್ಯಾಂಟುಗಳಿವೆ. ಅವು ಲೆಕ್ಕಕ್ಕಿಲ್ಲ. ಏಳು ಕಿಲೋ ಹಿಡಿಯುವ ಮಷೀನಿಗೆ ಒಂದೇ ಒಂದು ಜೀನ್ಸ್ ಬೀಳುತ್ತದೆ, ಬಾಗಿಲು ಧಡ್ ಎನ್ನುತ್ತದೆ, ಗುಂಡಿ ಒತ್ತಿ ಆಯಿತು. ಒಗೆಯುವ ತನಕ ಎಲ್ಲ ಸರಿ. ಹಿಂಡುವ ಹೊತ್ತಿಗೆ ಶುರುವಾಗುತ್ತದೆ.

ಒಣಗಿದ್ದಾಗ ಮುಕ್ಕಾಲು ಕಿಲೋ ತೂಗುವ ಜೀನ್ಸು ನೀರು ಕುಡಿದು ಅದರ ಎರಡರಷ್ಟು ಮೀರಿರುತ್ತದೆ. ಮಷೀನು ಏಕಾಏಕಿ ನಿಮಿಷಕ್ಕೆ 1000–1200 ಸುತ್ತಿನ ವೇಗಕ್ಕೆ ಏರುವುದಿಲ್ಲ. ಮೊದಲು ಮೆಲ್ಲಗೆ ತಿರುಗಿ ಬಟ್ಟೆಗಳನ್ನು ಡ್ರಮ್ಮಿನ ಗೋಡೆಗೆ ಸುತ್ತಲೂ ಹರಡಿಸಿಕೊಳ್ಳುತ್ತದೆ, ತೂಕ ಎಲ್ಲ ಕಡೆ ಸಮ ಇದೆಯೇ ಎಂದು ನೋಡಿಕೊಳ್ಳುತ್ತದೆ. ಹತ್ತು ಬಟ್ಟೆ ಇದ್ದರೆ ಹರಡಬಹುದು. ಒಂದೇ ಜೀನ್ಸನ್ನು ಎಲ್ಲಿಗೆ ಹರಡುವುದು? ಅದು ಒಂದು ಮೂಲೆಗೆ ಅಂಟಿ ಕೂರುತ್ತದೆ, ಡ್ರಮ್ಮು ಓಲಾಡುತ್ತದೆ, ಮಷೀನು ಹೆದರಿ ನಿಧಾನವಾಗುತ್ತದೆ. ಮತ್ತೆ ಉಲ್ಟಾ ತಿರುಗಿಸಿ ಉದುರಿಸುತ್ತದೆ, ಮತ್ತೆ ಏರಲು ನೋಡುತ್ತದೆ, ಮತ್ತೆ ಧಡಧಡ. ಪರದೆಯ ಮೇಲೆ ‘9 ನಿಮಿಷ’ ಎಂದು ಬಂದದ್ದು ಅರ್ಧ ಗಂಟೆಯಾದರೂ 9 ನಿಮಿಷವೇ. ಅದು ಗಡಿಯಾರವಲ್ಲ, ಮಷೀನಿನ ಅಂದಾಜು ಮಾತ್ರ ಎಂದು ಯಾರೂ ಹೇಳಿಕೊಟ್ಟಿರುವುದಿಲ್ಲ. ಜೀನ್ಸಿನ ಯಜಮಾನರು ಮೂರು ಸಲ ಬಂದು ಗಾಜಿನೊಳಗೆ ಇಣುಕಿ ಹೋಗುತ್ತಾರೆ. “ಅಮ್ಮಾ, ಮಷೀನು ಕೆಟ್ಟಿದೆ!”

ಮಷೀನು ಕೆಟ್ಟಿಲ್ಲ. ನಿಲ್ಲಿಸಿ, ಒಣಗಿದ ದಪ್ಪ ಟವೆಲ್ ಎರಡನ್ನು ಜೊತೆಗೆ ಹಾಕಿ, ಹಿಂಡುವುದನ್ನಷ್ಟೇ ಮತ್ತೆ ಕೊಟ್ಟರೆ ತೂಕ ಹಂಚಿಕೆಯಾಗಿ ಜುಮ್ಮನೆ ಏರುತ್ತದೆ. ಆದರೆ ನಿಲ್ಲಿಸಿದ ಕೂಡಲೇ ಬಾಗಿಲು ತೆರೆಯುವುದಿಲ್ಲ. ಬಹಳಷ್ಟು ಮಷೀನುಗಳ ಬೀಗದೊಳಗೆ ವಿದ್ಯುತ್ತಿನಿಂದ ಬಿಸಿಯಾಗಿ ಬಾಗುವ ಲೋಹದ ಪಟ್ಟಿಯಿರುತ್ತದೆ; ಅದು ತಣ್ಣಗಾಗಿ ನೆಟ್ಟಗಾಗಲು ಒಂದೆರಡು ನಿಮಿಷ ಬೇಕು. ಆ ಒಂದೆರಡು ನಿಮಿಷ ಕಾಯಲು ಹದಿನೈದರ ವಯಸ್ಸಿಗೆ ಪುರುಸೊತ್ತಿಲ್ಲ. ಎರಡೂ ಕೈ ಹಾಕಿ ಹಿಡಿಕೆಯನ್ನು ಎಳೆಯುವುದೇ. ಹಿಡಿಕೆ ಪ್ಲಾಸ್ಟಿಕ್ಕಿನದು. ಅದು ಕೈಗೆ ಬಂದ ಮೇಲೆ ಮನೆಯವರ ಪಂಚೆ, ಪ್ಯಾಂಟು, ಹಾಸಿಗೆ ಹೊದಿಕೆ ಎಲ್ಲಕ್ಕೂ ರಿಪೇರಿಯವನು ಬರುವ ತನಕ ರಜೆ.

ಟವೆಲ್ಲಿನ ಉಪಾಯ ಗೊತ್ತಿಲ್ಲದ ಮನೆಯಲ್ಲಿ ಮಷೀನು ಕೊನೆಗೆ ಕೈಚೆಲ್ಲಿ, ನೀರು ತೊಟ್ಟಿಕ್ಕುವ ಜೀನ್ಸನ್ನೇ ಒಪ್ಪಿಸುತ್ತದೆ. ಆಗ ರಾತ್ರಿ ಹನ್ನೊಂದೂವರೆ. ಹೇರ್ ಡ್ರೈಯರ್ ಹೊರಬರುತ್ತದೆ. ಪ್ಯಾಂಟಿನ ಕಾಲಿನೊಳಗೆ ಅದನ್ನು ತೂರಿಸಿ ಬಾಯಿ ಬಿಗಿದು ಹಿಡಿದರೆ ಕಾಲು ಬಲೂನಿನಂತೆ ಉಬ್ಬಿ ನಿಲ್ಲುವುದು ನೋಡಲು ಸೊಗಸೇ. ಗಾಳಿಗೆ ಹೊರದಾರಿ ಇಲ್ಲದೆ ಡ್ರೈಯರ್ ಕಾದು, ತನ್ನ ಸುರಕ್ಷತೆಗೆ ತಾನೇ ಆಫ್ ಆಗಿ ಕೂರುತ್ತದೆ. ಆಮೇಲೆ ಇಸ್ತ್ರಿ ಪೆಟ್ಟಿಗೆ, ಹಬೆ, ಗೊಣಗಾಟ. ನೆಲದ ಮೇಲೆ ಒಣ ಟವೆಲ್ ಹಾಸಿ, ಅದರ ಮೇಲೆ ಜೀನ್ಸ್ ಇಟ್ಟು, ಎರಡನ್ನೂ ಸೇರಿಸಿ ಬಿಗಿಯಾಗಿ ಸುತ್ತಿ, ಮೇಲೆ ಹತ್ತಿ ತುಳಿದಿದ್ದರೆ ಅರ್ಧ ನೀರು ಟವೆಲ್ಲಿಗೆ ಹೋಗುತ್ತಿತ್ತು. ಆಮೇಲೆ ಉಲ್ಟಾ ಮಾಡಿ, ಸೊಂಟಪಟ್ಟಿಯನ್ನು ಎರಡು ಕ್ಲಿಪ್ಪಿನಿಂದ ಅಗಲಿಸಿ ತೂಗುಹಾಕಿ, ಫ್ಯಾನು ಬಿಟ್ಟರೆ ಬೆಳಿಗ್ಗೆಗೆ ಕಾಲುಗಳಾದರೂ ಒಣಗಿರುತ್ತವೆ. ಸೊಂಟಪಟ್ಟಿ ಮತ್ತು ಜೇಬಿನ ಚೀಲ ಮಾತ್ರ ಕಡೆಗೆ ಒಣಗುವಂಥವು. ಬೆಳಿಗ್ಗೆ ಬಾಗಿಲು ದಾಟುವಾಗ ಸೊಂಟ ತಣ್ಣಗಿದ್ದರೂ ಮುಖ ಮಾತ್ರ ಗೆದ್ದವರದು.

ಆಟದ ಬಟ್ಟೆಯ ಬಗ್ಗೆ ಒಂದೇ ಮಾತು. ಪಾಲಿಯೆಸ್ಟರ್ ಜೆರ್ಸಿ ಬೆವರಿನ ಜಿಡ್ಡನ್ನು ಹಿಡಿದುಕೊಳ್ಳುವಷ್ಟು ಹತ್ತಿ ಬಟ್ಟೆ ಹಿಡಿದುಕೊಳ್ಳುವುದಿಲ್ಲ. ಅದನ್ನು ಚೀಲದೊಳಗೇ ಎರಡು ದಿನ ಹಸಿಯಾಗಿ ಬಿಟ್ಟು, ಹದಿನೈದು ನಿಮಿಷದ ಕ್ವಿಕ್ ವಾಷಿಗೆ ಹಾಕಿ, ವಾಸನೆ ಮುಚ್ಚಲು ಕಂಡೀಷನರ್ ಸುರಿದರೆ ಮೂರು ತಪ್ಪು ಒಟ್ಟಿಗಾಯಿತು. ಕ್ವಿಕ್ ವಾಷ್ ಇರುವುದು ಒಂದೆರಡು ಕಿಲೋ ಅಷ್ಟೇನೂ ಕೊಳೆಯಿಲ್ಲದ ಬಟ್ಟೆಗೆ. ಕಂಡೀಷನರ್ ನೂಲಿನ ಮೇಲೊಂದು ಪದರ ಕಟ್ಟುತ್ತದೆ, ವಾಸನೆ ಅದರಡಿ ಭದ್ರವಾಗುತ್ತದೆ. ಕಳಚಿದ ಕೂಡಲೇ ಚೀಲದಿಂದ ತೆಗೆದು ಗಾಳಿಗೆ ಹರವಿ ಹಾಕಿದರೆ ಅರ್ಧ ಸಮಸ್ಯೆ ಹುಟ್ಟುವುದೇ ಇಲ್ಲ. ರಕ್ತದ ಕಲೆಗೆ ತಣ್ಣೀರು. ಬಿಸಿನೀರು ಹಾಕಿದರೆ ಅಲ್ಲೇ ಗಟ್ಟಿಯಾಗಿ ಕೂರುತ್ತದೆ. ಇದನ್ನು ಹುಡುಗ, ಹುಡುಗಿ ಇಬ್ಬರಿಗೂ ಹೇಳಿಕೊಡಬೇಕು.

ಹೀಗೆ ರೇಗುತ್ತಲೇ ಇರುವವರಿಗೆ ಒಂದು ನಷ್ಟವೂ ಇದೆ. ಈ ವಯಸ್ಸಿನಲ್ಲಿ ಮಕ್ಕಳು ಬಾಯಿಬಿಟ್ಟು ಹೇಳುವುದು ಕಡಿಮೆ. ಜೇಬು ಸ್ವಲ್ಪ ಹೇಳುತ್ತದೆ. ನಾಲ್ಕಾಗಿ ಮಡಚಿದ ಪರೀಕ್ಷೆಯ ಉತ್ತರಪತ್ರಿಕೆ, ಎರಡು ಟಿಕೆಟ್ಟಿನ ಚೂರು, ಯಾರದೋ ಅಕ್ಷರದಲ್ಲಿ ಬರೆದ ಒಂದು ಸಾಲು. ಓದಬಾರದು ಎಂದುಕೊಂಡೇ ಮೇಜಿನ ಮೇಲಿಟ್ಟು ಬರುವಂಥವು. ತಮ್ಮ ಬಟ್ಟೆ ತಾವೇ ಒಗೆಯತೊಡಗಿದ ದಿನ ಆ ಸುದ್ದಿಯೂ ನಿಲ್ಲುತ್ತದೆ. ನಿಲ್ಲಲಿ ಬಿಡಿ, ಅದು ಅವರದೇ ಜೇಬು.

ಒಗೆಯಲಿ, ಖಂಡಿತ ಒಗೆಯಲಿ. ಆದರೆ ‘ಅವರವರ ಬಟ್ಟೆ ಅವರವರು’ ಎಂಬ ನಿಯಮ ನನಗೆ ಒಪ್ಪಿಗೆಯಿಲ್ಲ. ನಾಲ್ಕು ಜನರ ಮನೆಯಲ್ಲಿ ನಾಲ್ಕು ಅರೆಹೊಟ್ಟೆ ಮಷೀನು ಓಡಿದರೆ ನೀರು, ವಿದ್ಯುತ್ತು, ಸೋಪು ಎಲ್ಲವೂ ದಂಡ. ರಾತ್ರಿ ಹತ್ತರ ಒಂಟಿ ಜೀನ್ಸು ಹುಟ್ಟುವುದೂ ಈ ನಿಯಮದಿಂದಲೇ. ಅದೂ ಅಲ್ಲದೆ ತಮ್ಮ ಬಟ್ಟೆ ಮಾತ್ರ ಒಗೆಯುವವರು, ಬೇಜಾರಾದಾಗ ಒಗೆಯದೆ ಇರುತ್ತಾರೆ. ಕೊಡುವುದಾದರೆ ವಾರದಲ್ಲಿ ಇಡೀ ಮನೆಯ ಒಂದು ಸರದಿಯನ್ನು ಕೊಡಬೇಕು. ಶುರುವಿಗೆ ಟವೆಲ್ಲು ಮತ್ತು ಹಾಸಿಗೆ ಹೊದಿಕೆ: ಜೇಬಿಲ್ಲ, ಜಿಪ್ಪಿಲ್ಲ, ಹಳೆಯವಾದರೆ ಬಣ್ಣ ಬಿಡುವ ಭಯವೂ ಕಡಿಮೆ. ಡ್ರಮ್ಮಿನ ಮೇಲ್ಭಾಗದಲ್ಲಿ ಒಂದು ಕೈ ಹಾಯುವಷ್ಟು ಜಾಗ ಉಳಿಸಿ ತುಂಬುವುದನ್ನು ಕಲಿತ ಮೇಲೆ ಬಣ್ಣದ ಬಟ್ಟೆ. ಹೊಸ ಕೆಂಪು, ಕಡುನೀಲಿ ಇದ್ದರೆ ಒದ್ದೆ ಬಿಳಿ ಚಿಂದಿಯಿಂದ ಒಳಹೊಲಿಗೆಯ ಮೇಲೆ ಒತ್ತಿ ನೋಡಿ, ಬಣ್ಣ ಅಂಟಿದರೆ ಅದನ್ನು ಬೇರೆ ಇಡಲಿ. ಬಿಳಿ ಬಟ್ಟೆ ಇನ್ನೊಂದು ವರ್ಷ ದೊಡ್ಡವರ ಕೈಯಲ್ಲೇ ಇರಲಿ. ಬ್ಲೀಚಂತೂ ಮೇಲಿನ ಗೂಡಿನಲ್ಲೇ ಇರಲಿ. ಕಲೆ ತೆಗೆಯುವ ಉತ್ಸಾಹದಲ್ಲಿ ಅದಕ್ಕೆ ವಿನೆಗರ್ ಬೆರೆಸಿದರೆ ಕ್ಲೋರಿನ್ ಅನಿಲ ಏಳುತ್ತದೆ, ಅದು ತಮಾಷೆಯ ಮಾತಲ್ಲ.

ಗುಂಡಿ ಒತ್ತುವಾಗಲೇ ಮೊಬೈಲಿಗೆ ಅಲಾರಂ ಇಟ್ಟುಕೊಳ್ಳಲಿ. ಮುಗಿದ ಬಟ್ಟೆ ಒಳಗೇ ಐದಾರು ಗಂಟೆ ಉಳಿದರೆ ಮುಗ್ಗಲು ವಾಸನೆ ಹಿಡಿದು ಎಲ್ಲ ಮತ್ತೆ ಮೊದಲಿಂದ. ತೆಗೆದು, ಒಂದೊಂದನ್ನೂ ಜಾಡಿಸಿ, ಶರ್ಟನ್ನು ಅಂಚಿಗೆ ಕ್ಲಿಪ್ ಹಾಕಿ ಒಣಹಾಕಿ, ಮಡಚಿ, ಕಪಾಟಿನೊಳಗೆ ಇಟ್ಟು ಬಾಗಿಲು ಮುಚ್ಚಿದಾಗಷ್ಟೇ ಸರದಿ ಮುಗಿದಂತೆ. ಎಲ್ಲರ ಕಪಾಟಿನೊಳಗೆ, ತಮ್ಮದರಲ್ಲಿ ಮಾತ್ರವಲ್ಲ.

ಎರಡು ಮೂರು ವಾರ ಎಲ್ಲವೂ ನಿಧಾನ, ಎಲ್ಲದಕ್ಕೂ ಮುಖ ದಪ್ಪ. ಆಮೇಲೊಂದು ಭಾನುವಾರ ಬಚ್ಚಲ ಕಡೆಯಿಂದ ಕೂಗು ಕೇಳುತ್ತದೆ: “ಹಸಿ ಟವೆಲ್ಲನ್ನ ಹೀಗೆ ಮುದ್ದೆ ಮಾಡಿ ಬುಟ್ಟಿಗೆ ಹಾಕಿದ್ದು ಯಾರು? ಹರವಿ ಹಾಕೋಕೆ ಏನು ಕಷ್ಟ?” ಅಪ್ಪ ಪೇಪರು ಸ್ವಲ್ಪ ಮೇಲೆತ್ತಿ ಹಿಡಿಯುತ್ತಾರೆ.